ನ್ಯೂ ಜೆರ್ಸಿಯ ಪ್ಯಾಲಿಸೇಡ್ಸ್ ಪಾರ್ಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಏಷ್ಯನ್ನರಂತೆ, ಅಂದರೆ ನಮ್ಮವರೇ ಅಲ್ಲವೇ?

ಅಲ್ಲ. ಕೊರಿಯನ್ನರು. ಜನಗಣತಿಯ ಪಟ್ಟಿಯಲ್ಲಿ ನೀವು ನೋಡಿರುವ ಅದೇ ಸಾಲನ್ನು 2012ರಲ್ಲಿ ನೋಡಿ, ಅದನ್ನೇ ನಂಬಿ, ಒಂದು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿದವನು ನಾನು. ಮಗು ಚಿಕ್ಕದು, ಊರಿನಿಂದ ತಾಯಿ ಬರುತ್ತಾರೆ, ಮಾತಿಗೆ ನಾಲ್ಕು ಜನ ನಮ್ಮವರು ಬೇಕು, ಇಲ್ಲವಾದರೆ ಅದೇ ರಾಜ್ಯದಲ್ಲಿ ಭಾರತೀಯರು ಹೆಚ್ಚಿರುವ ಎಡಿಸನ್‌ಗೇ ಹೋಗಬೇಕೇ ಎಂದು ನೀವು ಕೇಳಿರುವುದನ್ನು ಓದಿದಾಗ ನನ್ನ ಹಳೆಯ ಡೈರಿಯನ್ನು ಯಾರೋ ಬಿಚ್ಚಿ ಓದಿದಂತಾಯಿತು.

ಕಂಪನಿ ನನ್ನನ್ನು ಬೆಂಗಳೂರಿನಿಂದ ಮ್ಯಾನ್‌ಹಟನ್‌ನ ಗ್ರಾಹಕರ ಕಚೇರಿಗೆ ಕಳಿಸಿತ್ತು. ಹೋಟೆಲ್ ಖರ್ಚು ಕೊಡುತ್ತಿದ್ದುದು ಹದಿನೈದೇ ದಿನ. ಅಷ್ಟರೊಳಗೆ ಮನೆ ಹಿಡಿಯಬೇಕು. ಕಚೇರಿಯಲ್ಲಿ ಎಲ್ಲರೂ ಎಡಿಸನ್ ಎಂದರು. ದಿನಕ್ಕೆ ಎರಡು ಮೂರು ಗಂಟೆ ರೈಲಿನಲ್ಲೇ ಕಳೆಯುವುದು ನನಗೆ ಬೇಡವಾಗಿತ್ತು. ಹಡ್ಸನ್ ನದಿ ದಾಟಿದ ಕೂಡಲೇ ಸಿಗುವ ಊರುಗಳಲ್ಲಿ ಹುಡುಕಿದೆ. ಸಿಕ್ಕಿದ್ದು ಪ್ಯಾಲಿಸೇಡ್ಸ್ ಪಾರ್ಕ್: ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಹತ್ತಿರ, ಒಂದೂಕಾಲು ಚದರ ಮೈಲಿಯ ಪುಟ್ಟ ಊರು, 2010ರ ಜನಗಣತಿಯಲ್ಲಿ 19,622 ಜನ. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ‘ಏಷ್ಯನ್’ ಎಂಬ ಸಾಲಿನ ಮುಂದೆ ಹತ್ತಿರ ಹತ್ತಿರ ಶೇಕಡ 58 ಎಂದಿತ್ತು. ನನಗೆ ಅಷ್ಟು ಸಾಕಾಯಿತು.

ಆ ಒಂದು ಸಾಲಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಅದಕ್ಕಾಗಿ ನಾನು 2,475 ಡಾಲರ್ ತೆತ್ತಿದ್ದೇನೆ.

ಅಮೆರಿಕದ ಜನಗಣತಿಯಲ್ಲಿ ‘ಏಷ್ಯನ್’ ಎಂದರೆ ದೊಡ್ಡದೊಂದು ಗೋಣಿಚೀಲ. ಜಪಾನಿನವರು, ಚೀನಾದವರು, ಕೊರಿಯಾದವರು, ಫಿಲಿಪ್ಪೀನಿನವರು, ವಿಯೆಟ್ನಾಮಿನವರು, ನಾವು, ಪಾಕಿಸ್ತಾನದವರು ಎಲ್ಲರೂ ಅದರೊಳಗೆ. ಏಷ್ಯಾ ಖಂಡದಲ್ಲೇ ಇರುವ ಇರಾನಿನವರು ಮಾತ್ರ ಅದರಲ್ಲಿ ಇಲ್ಲ. ಅವರನ್ನು ಬಿಳಿಯರ ಸಾಲಿಗೆ ಸೇರಿಸುತ್ತಾ ಬಂದಿದ್ದಾರೆ. ಅವರಿಗೂ ಅರಬರಿಗೂ ಪ್ರತ್ಯೇಕ ಗುಂಪು ಇರಬೇಕೆಂದು ನಿಯಮ ಬದಲಾದದ್ದು 2024ರಲ್ಲಿ. ನಮ್ಮ ಕಥೆ ಇನ್ನೂ ಸ್ವಾರಸ್ಯದ್ದು: 1970ರ ಗಣತಿಯಲ್ಲಿ ಭಾರತೀಯರೂ ಬಿಳಿಯರ ಲೆಕ್ಕದಲ್ಲಿದ್ದರು. ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಚೌಕ ಸಿಕ್ಕಿದ್ದು 1980ರಲ್ಲಿ. ಆ ಚೌಕದ ಲೆಕ್ಕ ಇರುವುದು ವಿವರವಾದ ಪಟ್ಟಿಯಲ್ಲಿ. ನಾನು ನೋಡಿದ್ದು ಎಲ್ಲರನ್ನೂ ಕೂಡಿಸಿದ ಸಾರಾಂಶವನ್ನು. ವಿವರ ತೆರೆದಿದ್ದರೆ ಮರು ನಿಮಿಷವೇ ಗೊತ್ತಾಗುತ್ತಿತ್ತು: ಆ 58ರಲ್ಲಿ ಹೆಚ್ಚುಕಡಿಮೆ 52 ಕೊರಿಯನ್ನರೇ. ಇಡೀ ಅಮೆರಿಕದಲ್ಲಿ ಕೊರಿಯನ್ನರ ಪ್ರಮಾಣ ಅತಿ ಹೆಚ್ಚಾಗಿದ್ದ ಊರು ಅದು. ಚೀನಾದವರು, ಫಿಲಿಪ್ಪೀನಿನವರು, ನಾವು ಎಲ್ಲ ಸೇರಿ ಉಳಿದ ಆರರಲ್ಲಿ!

ಇನ್ನೊಂದು ತಪ್ಪೂ ಆಯಿತು. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು) ಎಂಬುದು ಆ ಪಟ್ಟಿಯಲ್ಲಿ ಜನಾಂಗವಲ್ಲ, ಪ್ರತ್ಯೇಕ ಪ್ರಶ್ನೆ. ಬಿಳಿಯ ಎಂದು ಬರೆಸಿದವನು ಹಿಸ್ಪಾನಿಕ್ ಕೂಡ ಆಗಬಹುದು. ಹೀಗಾಗಿ ಎಲ್ಲವನ್ನೂ ಕೂಡಿಸಿದರೆ ನೂರು ದಾಟುತ್ತದೆ. ದಾಟಿದಾಗ ನಾನು ‘ಎಲ್ಲೋ ಮುದ್ರಣದೋಷ’ ಎಂದುಕೊಂಡು ಮುಂದೆ ಹೋದೆ. ಎಂಜಿನಿಯರ್ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮನೆ ಸಿಕ್ಕಿತು. ಬಾಡಿಗೆ 1,650 ಡಾಲರ್, ಮುಂಗಡ ಒಂದೂವರೆ ತಿಂಗಳದ್ದು (ಅದಕ್ಕಿಂತ ಹೆಚ್ಚು ಕೇಳಲು ಅಲ್ಲಿ ಕಾನೂನು ಬಿಡುವುದಿಲ್ಲ). ಸಹಿ ಹಾಕಿದ ಸಂಜೆ ಬ್ರಾಡ್ ಅವೆನ್ಯೂದಲ್ಲಿ ನಡೆದೆ. ಬ್ಯಾಂಕು, ಬೇಕರಿ, ದಂತವೈದ್ಯರು, ಚರ್ಚು, ಕ್ಷೌರದಂಗಡಿ, ಎಲ್ಲ ಫಲಕಗಳೂ ಕೊರಿಯನ್ ಲಿಪಿಯಲ್ಲಿ. ಒಂದೇ ಒಂದು ಕಡೆ ಕೊತ್ತಂಬರಿ ಸೊಪ್ಪಿನ ವಾಸನೆಯೂ ಇಲ್ಲ. ಹಿಂದೆ ಇಟಾಲಿಯನ್ ಮೂಲದವರು ಹೆಚ್ಚಿದ್ದ ಊರಂತೆ. 1980, 90ರ ದಶಕಗಳಲ್ಲಿ ಕೊರಿಯನ್ನರು ಬಂದು ಅಂಗಡಿ ತೆರೆದರು, ಅಂಗಡಿಯ ಹಿಂದೆ ಸಂಸಾರಗಳು ಬಂದವು. ಬೆಳಿಗ್ಗೆ ನಾನು ಬಸ್ಸಿಗೆ ಹೋಗುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ಗ್ವಾಟೆಮಾಲಾದ ಕೂಲಿಯಾಳುಗಳು ಕೆಲಸಕ್ಕೆ ಕರೆಯುವವರ ವ್ಯಾನಿಗಾಗಿ ನಿಂತಿರುತ್ತಿದ್ದರು.

ಗ್ರಂಥಾಲಯದ ಪಕ್ಕದಲ್ಲಿ ಕಂಚಿನ ಫಲಕ ಕೂರಿಸಿದ ಒಂದು ಕಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ನೆನಪಿಗಾಗಿ 2010ರಲ್ಲಿ ಇಟ್ಟದ್ದು. ನಾನು ಹೋದ ವರ್ಷವೇ ಜಪಾನಿನಿಂದ ನಿಯೋಗಗಳು ಬಂದು ಅದನ್ನು ತೆಗೆಸಿ ಎಂದು ಕೇಳಿದ್ದವು, ಊರು ಒಪ್ಪಲಿಲ್ಲ. ನನ್ನ ಪಟ್ಟಿಯಲ್ಲಿ ಕೊರಿಯನ್ನರು, ಜಪಾನಿನವರು ಇಬ್ಬರೂ ಒಂದೇ ಸಾಲು.

ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ ಬಂದು ಹೋಯಿತು. ನವೆಂಬರ್ ಮಧ್ಯದಲ್ಲಿ ಹೆಂಡತಿ, ಮಗಳು, ಅಮ್ಮ ಬಂದರು. ಅಮ್ಮ ಅರಕಲಗೂಡಿನವರು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಬಂದ ಮೂರನೆಯ ದಿನ ನಾನು ಕಚೇರಿಯಿಂದ ಮರಳಿದಾಗ ಅವರು ಮನೆಯಲ್ಲಿರಲಿಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಕೆಳಗಿನ ಮನೆಯ ಅಂಗಳದಲ್ಲಿ ಕೊರಿಯಾದ ಅಜ್ಜಿಯೊಬ್ಬರ ಎದುರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದಾರೆ. ನಡುವೆ ಮಗುವಿನ ಸ್ನಾನದ ತೊಟ್ಟಿಯಷ್ಟು ದೊಡ್ಡ ಟಬ್ಬು, ಅದರ ತುಂಬ ಉಪ್ಪು ಹಚ್ಚಿದ ಎಲೆಕೋಸು. ಚಳಿಗಾಲಕ್ಕೆ ಕಿಮ್ಚಿ, ಅಂದರೆ ಅವರ ಕೋಸಿನ ಉಪ್ಪಿನಕಾಯಿ, ಹಾಕುವ ಕಾಲ ಅದು. ಅಜ್ಜಿ ಕೊರಿಯನ್‌ನಲ್ಲಿ ಮಾತನಾಡುತ್ತಿದ್ದಾರೆ, ಅಮ್ಮ ಕನ್ನಡದಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದಾರೆ!

ಕಿಮ್ಚಿಗೆ ಮೀನಿನ ರಸ ಬೀಳುತ್ತದೆ ಎಂದು ಅಮ್ಮ ವಾಸನೆಯಲ್ಲೇ ಹಿಡಿದರು. ಮೂಗು ಮುಚ್ಚಿ ಬೇಡವೆಂದು ಕೈಯಾಡಿಸಿದರಂತೆ. ಮರುದಿನದಿಂದ ಅಜ್ಜಿ ಮಸಾಲೆ ಬೆರೆಸುವ ಮೊದಲೇ ಒಂದು ಹಿಡಿ ಉಪ್ಪುಕೋಸನ್ನು ಅವರ ಬಟ್ಟಲಿಗೆ ತೆಗೆದಿಡತೊಡಗಿದರು. ಅಮ್ಮ ಅದಕ್ಕೆ ಇಂಗಿನ ಒಗ್ಗರಣೆ ಕೊಟ್ಟು ಅರ್ಧವನ್ನು ವಾಪಸು ಕಳಿಸುತ್ತಿದ್ದರು. ದಿನವೂ ನಾಲ್ಕು ಗಂಟೆಗೆ ಇಬ್ಬರೂ ಬ್ರಾಡ್ ಅವೆನ್ಯೂದ ಫುಟ್‌ಪಾತಿನಲ್ಲಿ ಬೇಕರಿಯವರೆಗೆ ನಡೆದು ಬರುವುದು, ನಡುವೆ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂರುವುದು. ಫೆಬ್ರವರಿಯಲ್ಲಿ ಅವರ ಹೊಸವರ್ಷಕ್ಕೆ ನಮ್ಮ ಮನೆಗೆ ಅಕ್ಕಿಕಡುಬು ಬಂತು.

ಇಷ್ಟೆಲ್ಲ ನನ್ನ ಕಣ್ಣೆದುರೇ ನಡೆಯಿತು. ನಾನು ಕಂಡದ್ದು ಮಾತ್ರ ‘ಪಾಪ, ಅಮ್ಮನಿಗೆ ಮಾತಿಗೆ ನಮ್ಮವರಿಲ್ಲ’ ಎಂಬುದೊಂದೇ. ಅಮ್ಮ ಒಮ್ಮೆಯೂ ದೂರಿರಲಿಲ್ಲ. ದೂರಿದ್ದು ಚಳಿಯನ್ನು. ತಪ್ಪು ಓದಿದ ಪಟ್ಟಿಯನ್ನು ಸರಿಪಡಿಸಲೇಬೇಕೆಂಬ ಹಟ ನನ್ನದು. ಮಾರ್ಚ್‌ನಲ್ಲಿ ಕರಾರು ಮುರಿದೆ. ಮಾಲೀಕರು ಮುಂಗಡ ಹಿಂತಿರುಗಿಸಲಿಲ್ಲ. ನಡುವೆ ಬಿಟ್ಟುಹೋದವನ ಮನೆಗೆ ಬೇರೆಯವರನ್ನು ಹುಡುಕುವ ಪ್ರಯತ್ನವನ್ನು ಮಾಲೀಕ ಮಾಡಲೇಬೇಕು ಎಂದು ನ್ಯೂ ಜೆರ್ಸಿಯ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ನನಗೆ ತಿಳಿದದ್ದು ಎರಡು ವರ್ಷದ ಮೇಲೆ.

ಎಡಿಸನ್‌ಗೆ ಬಂದೆವು. ಈ ಸಲ ವಿವರದ ಪಟ್ಟಿಯನ್ನೇ ನೋಡಿದ್ದೆ: ಏಷ್ಯನ್ ಶೇಕಡ 43, ಅದರಲ್ಲಿ ಭಾರತೀಯರೇ 28. ಗೆದ್ದೆ ಎಂದುಕೊಂಡೆ. ಅಪಾರ್ಟ್‌ಮೆಂಟ್ ಇದ್ದದ್ದು ಹೆದ್ದಾರಿಯ ಪಕ್ಕದಲ್ಲಿ. ಗೇಟಿನಾಚೆ ಫುಟ್‌ಪಾತ್ ಇಲ್ಲ, ಲಾರಿಗಳ ಓಟ. ನಮ್ಮ ಅಂಗಡಿಗಳಿರುವ ಓಕ್ ಟ್ರೀ ರಸ್ತೆಗೆ ಕಾರಿಲ್ಲದೆ ಹೋಗುವಂತಿಲ್ಲ. ಹೆಂಡತಿಗೆ ಆಗಿನ್ನೂ ಲೈಸೆನ್ಸ್ ಬಂದಿರಲಿಲ್ಲ. ನಮ್ಮ ಮಹಡಿಯಲ್ಲಿ ತೆಲುಗಿನವರು, ಕೆಳಗೆ ಗುಜರಾತಿನವರು, ಹಗಲಿನಲ್ಲಿ ಎಲ್ಲ ಬಾಗಿಲಿಗೂ ಬೀಗ. ಸಂಜೆ ಪಾರ್ಕಿಂಗ್ ಜಾಗದ ಬೆಂಚಿನಲ್ಲಿ ಗುಜರಾತಿ ಹಿರಿಯರು ಸೇರುತ್ತಿದ್ದರು. ಅಮ್ಮ ನಾಲ್ಕು ದಿನ ಹೋದರು, ಐದನೆಯ ದಿನ ಹೋಗಲಿಲ್ಲ. ಏಕೆಂದು ಕೇಳಿದೆ.

“ನಮ್ಮ ದೇಶದವಳಲ್ಲವೇ, ಅರ್ಥವಾಗುತ್ತದೆ ಎಂದು ಅವರು ಹಿಂದಿಯಲ್ಲಿ ಕೇಳಿ ಕಾಯುತ್ತಾರೆ ಕಣಪ್ಪ. ನನಗೆ ನಾಚಿಕೆಯಾಗುತ್ತದೆ. ಆ ಅಜ್ಜಿ ಏನೂ ಕಾಯುತ್ತಿರಲಿಲ್ಲ.”

ಬೃಂದಾವನ ಕನ್ನಡ ಕೂಟದ ಯುಗಾದಿಗೆ ಕರೆದುಕೊಂಡು ಹೋದೆ. ಅಂದು ಬಾಯಿ ತುಂಬ ಮಾತನಾಡಿದರು. ಮತ್ತೆ ಮುಂದಿನ ಕಾರ್ಯಕ್ರಮದವರೆಗೆ ಕಿಟಕಿ. ಆರು ತಿಂಗಳ ವಾಸದ ಅನುಮತಿ ಮುಗಿಯುವ ಮೊದಲೇ ಟಿಕೆಟನ್ನು ಬೇಗನೆಯ ದಿನಕ್ಕೆ ಬದಲಿಸಿಕೊಂಡು ಊರಿಗೆ ಹೊರಟರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಒಂದು ಊರಿನಲ್ಲಿ ಯಾವ ಜನಾಂಗ ಶೇಕಡ ಎಷ್ಟು ಎಂಬುದರಿಂದ ನಿಮ್ಮ ತಾಯಿಯ ಮಧ್ಯಾಹ್ನ ಹೇಗೆ ಕಳೆಯುತ್ತದೆ ಎಂಬುದು ತಿಳಿಯುವುದಿಲ್ಲ. ಕನ್ನಡಿಗರ ಸಂಖ್ಯೆಯನ್ನೇ ಹುಡುಕುತ್ತೇನೆ ಎಂದರೂ ಪ್ರಯೋಜನ ಕಡಿಮೆ: ಭಾಷೆಯ ಪಟ್ಟಿಯಲ್ಲಿ ತಮಿಳಿಗೂ ತೆಲುಗಿಗೂ ಪ್ರತ್ಯೇಕ ಸಾಲು ಕೊಟ್ಟವರು ನಮ್ಮನ್ನು ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂದು ಒಂದೇ ಕಟ್ಟಿನಲ್ಲಿ ಕಟ್ಟಿಟ್ಟಿದ್ದಾರೆ. ಅದೂ ಸ್ಯಾಂಪಲ್ ಸಮೀಕ್ಷೆ. ಸಣ್ಣ ಊರಿನಲ್ಲಿ ಅಂಕಿಯ ಪಕ್ಕದಲ್ಲಿ ಕೊಡುವ ಏರುಪೇರಿನ ಅಂದಾಜೇ ಕೆಲವೊಮ್ಮೆ ಅಂಕಿಯಷ್ಟಿರುತ್ತದೆ. ಕನ್ನಡ ಕೂಟದವರಿಗೆ ಒಂದು ಫೋನ್ ಮಾಡಿ, ಯಾವ ಅಪಾರ್ಟ್‌ಮೆಂಟಿನಲ್ಲಿ ಯಾರ ತಂದೆತಾಯಿ ಬಂದಿದ್ದಾರೆ ಎಂದು ಕೇಳಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ನಿಮ್ಮ ತಾಯಿಯವರಿಗೆ ಹಿಂದಿ ಬರುತ್ತದೆ ಎಂದಾದರೆ ಎಡಿಸನ್ ಸರಿ, ಆದರೆ ಓಕ್ ಟ್ರೀ ರಸ್ತೆಗೆ ನಡೆದು ಹೋಗುವ ದೂರದಲ್ಲಿ ಮನೆ ಹಿಡಿಯಿರಿ. ಬರುವುದಿಲ್ಲ, ಆದರೆ ಕಾಲು ಗಟ್ಟಿಯಿದೆ ಎಂದಾದರೆ ನಾನು ಕಣ್ಣುಮುಚ್ಚಿ ಪ್ಯಾಲಿಸೇಡ್ಸ್ ಪಾರ್ಕ್ ಎನ್ನುತ್ತೇನೆ. ಮಗುವಿನ ಚಿಂತೆ ಬಿಡಿ. ನನ್ನ ಮಗಳು ಎರಡು ವಾರದಲ್ಲಿ ಕೊರಿಯನ್‌ನಲ್ಲಿ ಜಗಳವಾಡುತ್ತಿದ್ದಳು. ಸಹಿ ಹಾಕುವ ಮೊದಲು ಒಂದು ಕೆಲಸದ ದಿನ ಸಂಜೆ ನಾಲ್ಕಕ್ಕೆ ಆ ಬೀದಿಗೆ ಹೋಗಿ, ಹೊರಗೆ ಎಷ್ಟು ಜನ ಮುದುಕಿಯರು ನಡೆಯುತ್ತಿದ್ದಾರೆ ಎಂದು ಎಣಿಸಿ.

ಅಲ್ಲಿಗೇ ಹೋಗುವುದಾದರೆ ಹುಳಿಪುಡಿಯನ್ನು ಮಾತ್ರ ತಾಯಿಯವರ ಕೈಯಲ್ಲೇ ತರಿಸಿ. ಅಲ್ಲಿನ ಮೆಣಸಿನಪುಡಿ ನೋಡಲು ಅಪ್ಪಟ ಬ್ಯಾಡಗಿ, ಖಾರ ಮಾತ್ರ ದೇವರಿಗೇ ಪ್ರೀತಿ.