ಮೊದಲ ಸಲ ಸೈನಿಕನ ಬಸ್ಟ್‌ಗೆ ಬಣ್ಣ ಹಚ್ಚುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಬೆರಳುದ್ದದ ಸೈನಿಕರಿಗೆ ಬಣ್ಣ ಹಚ್ಚಿ ಅಭ್ಯಾಸ ಇದೆ, ಈಗ 1815ರ ವಾಟರ್‌ಲೂ ಯುದ್ಧದ ಕಾಲದ ಬ್ರಿಟಿಷ್ ಕಾಲಾಳಿನ 1/10 ಅಳತೆಯ ರೆಸಿನ್ (ಗಟ್ಟಿ ಪ್ಲಾಸ್ಟಿಕ್ಕಿನಂಥ ವಸ್ತು) ಬಸ್ಟ್, ಅಂದರೆ ತಲೆಯಿಂದ ಎದೆಯವರೆಗಿನ ಪ್ರತಿಮೆ, ಕೈಗೆ ಬಂದಿದೆ, ಕಣ್ಣು ಬರೆಯೋದು ನೆನೆಸಿಕೊಂಡರೇ ಭಯ ಅಂತ ಕೇಳಿದ್ದೀರಿ. ನನಗೂ ಹಾಗೇ ಆಗಿತ್ತು. ಆದರೆ ಮೊದಲು ಯೋಚಿಸಬೇಕಾದದ್ದು ಕಣ್ಣಲ್ಲ, ಬೆಳಕು.

ಚಿಕ್ಕ ಗೊಂಬೆಗೆ ವಾಶ್, ಅಂದರೆ ತುಂಬಾ ನೀರಾಗಿಸಿದ ಕಡು ಬಣ್ಣ, ಹಾಕಿದರೆ ಅದು ತಾನೇ ಸಂದುಗಳಿಗೆ ಇಳಿದು ನೆರಳಾಗುತ್ತದೆ. ಬಸ್ಟಿನಲ್ಲಿ ಕೆನ್ನೆ, ಹಣೆ, ಎದೆ ಎಲ್ಲಾ ದೊಡ್ಡ ನುಣುಪು ಜಾಗ. ಅಲ್ಲಿ ವಾಶ್ ಕಲೆ ಕಲೆಯಾಗಿ ಒಣಗುತ್ತದೆ. ಡ್ರೈಬ್ರಷ್ ಮಾಡಿದರೆ, ಅಂದರೆ ಬಣ್ಣ ಬಹುತೇಕ ಒರೆಸಿದ ಒಣ ಬ್ರಷ್ಷಿನಿಂದ ಸವರಿದರೆ, ಸುಣ್ಣದ ಪುಡಿ ಬಿದ್ದ ಹಾಗೆ ಕಾಣುತ್ತದೆ. ಹಾಗಾಗಿ ನೆರಳನ್ನೂ ಬೆಳಕನ್ನೂ ನೀವೇ ಬರೆಯಬೇಕು. ಬರೆಯೋಕೆ ಮೊದಲು ಅವು ಎಲ್ಲಿ ಬೀಳುತ್ತವೆ ಅಂತ ಗೊತ್ತಿರಬೇಕು, ಅಲ್ವಾ?

ಇದಕ್ಕೆ ಸುಲಭದ ದಾರಿ ಇದೆ. ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಾಕುವ ತಳಪದರ) ಹಾಕಿದ ಮೇಲೆ ಕೋಣೆ ಕತ್ತಲು ಮಾಡಿ, ಒಂದೇ ಒಂದು ಟೇಬಲ್ ಲ್ಯಾಂಪನ್ನು ಬಸ್ಟಿನ ತಲೆಯ ಮೇಲೆ, ಸ್ವಲ್ಪ ಪಕ್ಕಕ್ಕೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎದುರಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು. ಕಪ್ಪು ಬಿಳುಪಿಗೆ ಬದಲಾಯಿಸಿ ಇಟ್ಟುಕೊಳ್ಳಿ. ಮೂಗಿನ ಕೆಳಗೆ, ಕೆಳತುಟಿಯ ಅಡಿ, ಟೋಪಿಯ ಅಂಚಿನ ಕೆಳಗೆ ಎಷ್ಟು ಕತ್ತಲಿದೆ ನೋಡಿ. ನಾವು ಅಂದುಕೊಳ್ಳೋದಕ್ಕಿಂತ ತುಂಬಾ ಜಾಸ್ತಿ ಇರುತ್ತದೆ. ಬಣ್ಣ ಹಚ್ಚುವಾಗ ಗೊಂದಲ ಆದಾಗೆಲ್ಲ ಆ ಫೋಟೋ ನೋಡಿ.

ಪ್ರೈಮರ್‌ಗೂ ಮೊದಲು ತೊಳೆಯಲೇಬೇಕು. ರೆಸಿನ್ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿರುತ್ತದೆ. ನನ್ನ ಮೊದಲ ಬಸ್ಟನ್ನು ತೊಳೆಯದೆ ಶುರು ಮಾಡಿದ್ದೆ. ಮುಖ ಪೂರ್ತಿ ಮುಗಿದ ಮೇಲೆ ಹೆಬ್ಬೆರಳು ತಾಗಿ ಕಿವಿಯ ಹತ್ತಿರ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಎರಡು ವಾರದ ಕೆಲಸ, ತುಂಬಾ ಸಂಕಟ ಆಯಿತು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್, ಇಷ್ಟೇ ಸಾಕು. ಅಚ್ಚಿನ ಗೆರೆಗಳನ್ನು ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಈಗ ಮುಖ. ಕಣ್ಣಿಗೆ ಅಂತ ಕೂದಲೆಳೆಯಷ್ಟು ತೆಳ್ಳಗಿನ ಬ್ರಷ್ ಬೇಡ. ಅದರಲ್ಲಿ ಬಣ್ಣ ಮುಖ ಮುಟ್ಟುವ ಮೊದಲೇ ಒಣಗುತ್ತದೆ. ತುದಿ ಚೂಪಾಗಿ ಕೂಡುವ 1 ಅಥವಾ 2ನೇ ನಂಬರಿನ ಬ್ರಷ್ ಸಾಕು. ಚರ್ಮದ ಮೂಲ ಬಣ್ಣ ಒಂದು ಸುತ್ತು ಹಚ್ಚಿ, ತಕ್ಷಣ ಕಣ್ಣು ಬರೆದುಬಿಡಿ. ಆಗ ತಪ್ಪಿದರೆ ರೆಪ್ಪೆಯ ಮೇಲೆ ಚರ್ಮದ ಬಣ್ಣ ಎಳೆದು ಸರಿ ಮಾಡಬಹುದು. ಕೊನೆಗೆ ಬರೆದರೆ ಮುಗಿದ ಮುಖವೇ ಕೆಡುತ್ತದೆ.

ಮನುಷ್ಯನ ಕಣ್ಣಿನ ಬಣ್ಣದ ಪಾಪೆ, ಅಂದರೆ ಐರಿಸ್, ಸುಮಾರು 12 ಮಿಲಿಮೀಟರ್ ಅಗಲ. ನಿಮ್ಮ ಬಸ್ಟಿನಲ್ಲಿ ಅದು 1.2 ಮಿಲಿಮೀಟರ್. ಹೊಸಬರೆಲ್ಲ ಅದನ್ನು ಪೂರ್ತಿ ದುಂಡಗೆ ಬರೆಯುತ್ತಾರೆ, ಸೈನಿಕ ಬೆಚ್ಚಿಬಿದ್ದವನ ಹಾಗೆ ಕಾಣುತ್ತಾನೆ. ಕನ್ನಡಿ ನೋಡಿಕೊಳ್ಳಿ. ಪಾಪೆಯ ಮೇಲಿನ ಅಂಚು ರೆಪ್ಪೆಯ ಒಳಗೆ ಹೋಗಿರುತ್ತದೆ, ಕೆಳಗಿನದು ಕೆಳರೆಪ್ಪೆಯನ್ನು ಮುಟ್ಟುತ್ತಿರುತ್ತದೆ. ಕಣ್ಣಿನ ಬಿಳಿಯೂ ಬಿಳಿಯಲ್ಲ. ಚರ್ಮದ ಬಣ್ಣ ಒಂಚೂರು ಬೆರೆಸಿದ ಬೂದು ಹಾಕಿ. ಮೇಲ್ರೆಪ್ಪೆಯ ಅಂಚಿಗೆ ಕಡು ಕಂದು ಗೆರೆ ಎಳೆಯಿರಿ, ಅಷ್ಟರಲ್ಲೇ ನೋಟ ಬರುತ್ತದೆ.

ಆಮೇಲೆ ಗ್ಲೇಜ್, ಅಂದರೆ ಬಣ್ಣದ ನೀರಿನಷ್ಟೇ ತೆಳುವಾದ ಪದರ. ಬ್ರಷ್ಷನ್ನು ಟಿಶ್ಯೂಗೆ ಒತ್ತಿ ಹೆಚ್ಚಿನ ನೀರು ತೆಗೆದು, ಬಣ್ಣ ಎಲ್ಲಿ ಜಾಸ್ತಿ ಬೇಕೋ ಆ ಕಡೆಗೆ ಎಳೆಯಿರಿ. ಎಳೆತ ನಿಂತ ಕಡೆ ಬಣ್ಣ ಕೂರುತ್ತದೆ. ಮೂಗು, ಕೆನ್ನೆ, ಕಿವಿಗೆ ಕೆಂಪು. ಗಡ್ಡ ಬೋಳಿಸಿದ ಜಾಗಕ್ಕೆ ನೀಲಿ ಬೂದು, ತುಂಬಾ ತೆಳ್ಳಗೆ. ಇವನು ಬಿಸಿಲಲ್ಲಿ ನಡೆದವನು. ಟೋಪಿ ಮುಚ್ಚುತ್ತಿದ್ದ ಹಣೆಯ ಪಟ್ಟಿ ಉಳಿದ ಮುಖಕ್ಕಿಂತ ಬೆಳ್ಳಗಿರಲಿ. ಇಂಥ ಒಂದು ವಿಷಯದಿಂದಲೇ ರೆಸಿನ್ ತುಂಡಿಗೆ ಜೀವ ಬರುತ್ತದೆ, ನನಗೆ ಈ ಹವ್ಯಾಸದಲ್ಲಿ ತುಂಬಾ ಇಷ್ಟವಾದ ಗಳಿಗೆ ಅದು.

ಕೋಟಿನ ವಿಷಯದಲ್ಲಿ ಒಂದು ಮಾತು. ಬ್ರಿಟಿಷ್ ಸೇನೆಯ ಕೆಂಪು ಒಂದೇ ಅಲ್ಲ. ಅಧಿಕಾರಿಗಳ ಕೋಟಿಗೆ ಕೊಚಿನೀಲ್ ಹುಳದಿಂದ ತೆಗೆದ ಹೊಳೆಯುವ ಕಡುಗೆಂಪು, ಸಾಮಾನ್ಯ ಸೈನಿಕರಿಗೆ ಮ್ಯಾಡರ್ ಬೇರಿನ ಮಂಕು ಇಟ್ಟಿಗೆ ಕೆಂಪು. ನಿಮ್ಮದು ಸಾಮಾನ್ಯ ಕಾಲಾಳು, ಹಾಗಾಗಿ ಡಬ್ಬಿಯಲ್ಲಿರುವ ಕೆಂಪಿಗೆ ಸ್ವಲ್ಪ ಕಂದು ಬೆರೆಸಿ. ಬೆಳಕಿನ ಜಾಗಕ್ಕೆ ಬಿಳಿ ಬೆರೆಸಬೇಡಿ, ಗುಲಾಬಿ ಆಗಿಬಿಡುತ್ತದೆ. ಕಿತ್ತಳೆ ಅಥವಾ ಚರ್ಮದ ಬಣ್ಣ ಬೆರೆಸಿ. ನೆರಳಿಗೆ ಕಪ್ಪಿನ ಬದಲು ಕಡು ಹಸಿರು ಬೆರೆಸಿ ನೋಡಿ, ಕೆಂಪು ಸಾಯದೆ ಕತ್ತಲಾಗುತ್ತದೆ. ಕಾಲರ್ ಬಣ್ಣ ಆಯಾ ರೆಜಿಮೆಂಟಿಗೆ ಬೇರೆ ಬೇರೆ, ಹಳದಿ, ಹಸಿರು, ನೀಲಿ ಹೀಗೆ. ಅವನು ಯಾವ ರೆಜಿಮೆಂಟಿನವನು ಅಂತ ಮೊದಲೇ ನಿರ್ಧರಿಸಿ.

ಬೆಲ್ಟು, ಗುಂಡಿ ಸುಲಭ. ಬೆಲ್ಟಿಗೆ ತಿಳಿ ಬೂದು ಹಚ್ಚಿ, ಅಚ್ಚ ಬಿಳಿಯನ್ನು ಅಂಚುಗಳಿಗೆ ಮಾತ್ರ ಉಳಿಸಿ.

ಎಲ್ಲಾ ಮುಗಿದ ಮೇಲೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ತೆಳುವಾಗಿ ಹೊಡೆಯಿರಿ. ಒಂದು ದಿನ ಒಣಗಲು ಬಿಡಿ. ಕೊನೆಗೆ ಎರಡೂ ಕಣ್ಣಿಗೆ ಮಾತ್ರ ಗ್ಲಾಸ್ (ಹೊಳೆಯುವ) ವಾರ್ನಿಶ್ ಒಂದೊಂದು ಚುಕ್ಕೆ ಇಟ್ಟು ಲ್ಯಾಂಪಿನ ಕೆಳಗೆ ತಿರುಗಿಸಿ ನೋಡಿ.