ಅಜ್ಜಿ ಹೇಳಿದ ಕಥೆಯನ್ನು ಪ್ರಬಂಧದಲ್ಲಿ ಬರೆಯಲೇ?

ಪ್ರಶ್ನೆ: ನಾನು ರಾಯಚೂರಿನ ಸಂಶೋಧನಾ ವಿದ್ಯಾರ್ಥಿನಿ. ಯುದ್ಧದಿಂದ ನೆಲೆ ತಪ್ಪಿದ ಕುಟುಂಬಗಳು ಊರಿಗೆ ಮರಳಿ ಬದುಕು ಕಟ್ಟಿಕೊಳ್ಳುವ ಬಗೆ ನನ್ನ ಪಿಎಚ್.ಡಿ. ವಿಷಯ. ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ನೆಲೆಸಿದ ಬಂಗಾಲಿ ಕ್ಯಾಂಪಿನಲ್ಲಿರುವ ಗೆಳತಿಯ ಅಜ್ಜಿ ತಮ್ಮ ಸೋದರನ ಕಥೆ ಹೇಳಿ, ‘ಬರೆದುಕೊ ಮಗಳೇ’ ಎಂದರು. ಆತ 1971ರಲ್ಲಿ ಭಾರತಕ್ಕೆ ಓಡಿಬಂದು, ಮರುವರ್ಷ ಬಾಂಗ್ಲಾದೇಶಕ್ಕೆ ಮರಳಿ, ಮನೆ, ಹೊಲ ಪರರ ಪಾಲಾಗಿದ್ದನ್ನು ಕಂಡು, ಕೆಲವು ವರ್ಷಗಳ ನಂತರ ಕಾಗದಪತ್ರವಿಲ್ಲದೆ ಮತ್ತೆ ಬಂದವರು. ಅದನ್ನು ತೆಗೆಯಲೇಬೇಕೆಂದು ಗೆಳತಿಯ ತಂದೆ ಹಟ ಹಿಡಿದಿದ್ದಾರೆ. ಗೆಳತಿ ಮಾತು ಬಿಟ್ಟಿದ್ದಾಳೆ. ಹೆಸರು ಬದಲಿಸಿದರೆ ಸಾಕು ಎನ್ನುತ್ತಾರೆ ಮಾರ್ಗದರ್ಶಕರು. ಏನು ಮಾಡಲಿ?

ಉತ್ತರ: ಆ ಕಥೆಯನ್ನು ಪ್ರಬಂಧದಿಂದ ತೆಗೆದುಬಿಡಿ. ಅಜ್ಜಿಯ ಅನುಮತಿ ಸುಳ್ಳೆಂದಲ್ಲ. ಅವರು ಒಪ್ಪಿದ್ದು ಮನೆಯಂಗಳದಲ್ಲಿ ಕುಳಿತು ಕೇಳಿದ ನಿಮಗೆ ಮಾತ್ರ. ನಿಮ್ಮ ಪ್ರಬಂಧ ಮುಂದೆ ಶೋಧಗಂಗಾ ಜಾಲತಾಣ ಸೇರುತ್ತದೆ, ಅಲ್ಲಿ ಯಾರು ಬೇಕಾದರೂ ಅದನ್ನು ಓದಬಹುದು ಎಂಬುದನ್ನು ನೀವು ಅವರಿಗೆ ಹೇಳಿದ್ದಿರಾ? ಪತ್ರದಲ್ಲಿ ಆ ಮಾತಿಲ್ಲ. ಇನ್ನು ಹೆಸರು ಬದಲಿಸುವ ಉಪಾಯ ದೊಡ್ಡ ನಗರದಲ್ಲಿ ನಡೆದೀತು. ಯಾರ ತಮ್ಮ ಯಾವಾಗ ಬಂದನೆಂಬುದು ಎಲ್ಲರಿಗೂ ಗೊತ್ತಿರುವ ಕ್ಯಾಂಪಿನಲ್ಲಿ ಅದು ಯಾರನ್ನೂ ಮರೆಮಾಡುವುದಿಲ್ಲ.

ಗೆಳತಿಯ ತಂದೆಯ ಭಯವನ್ನು ಹಟವೆಂದು ತಳ್ಳಿಹಾಕಬೇಡಿ. 1971ರ ಬಾಂಗ್ಲಾದೇಶ ಯುದ್ಧಕ್ಕೆ ಮೊದಲೇ ಬಂದವರಿಗೆ ಪುನರ್ವಸತಿ ಸಿಕ್ಕಿತು. 1971ರ ಮಾರ್ಚ್ 25ರಿಂದ ಈಚೆಗೆ ಬಂದ ಸುಮಾರು ಒಂದು ಕೋಟಿ ಜನರನ್ನು ಮರಳಿ ಹೋಗಬೇಕಾದವರೆಂದೇ ಸರ್ಕಾರ ಪರಿಗಣಿಸಿತು, ಮತ್ತು ಅವರಲ್ಲಿ ಬಹುಪಾಲು ಜನ 1972ರ ಮೊದಲ ತಿಂಗಳುಗಳಲ್ಲೇ ಮರಳಿದರು. ಹೀಗಾಗಿ ಆ ಮನೆಯಲ್ಲಿ ಯಾರು ಯಾವಾಗ ಬಂದರೆಂಬ ದಿನಾಂಕವೆಂದರೆ ಬರೀ ನೆನಪಲ್ಲ. 2014ರ ಡಿಸೆಂಬರ್ 31ರೊಳಗೆ ಬಂದ ಬಾಂಗ್ಲಾದೇಶದ ಹಿಂದೂಗಳು ಪೌರತ್ವಕ್ಕೆ ಅರ್ಜಿ ಹಾಕಲು ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆಯಲ್ಲ ಎಂದು ಮಾರ್ಗದರ್ಶಕರು ವಾದಿಸಬಹುದು. ಕಾನೂನು ಹಾಗೆ ಹೇಳುವುದು ನಿಜ. ಆದರೆ ಆ ಕುಟುಂಬದವರು ಹಿಂದೆ ಯಾವ ಕಚೇರಿಯಲ್ಲಿ ಏನೆಂದು ಬರೆಸಿಕೊಂಡಿದ್ದಾರೋ ಅದಕ್ಕೂ ನಿಮ್ಮ ಪುಟಕ್ಕೂ ತಾಳೆಯಾಗದಿದ್ದರೆ ಅಲೆದಾಡುವವರು ಅವರೇ ಹೊರತು ಮಾರ್ಗದರ್ಶಕರಲ್ಲ.

ಇದರಿಂದ ಪ್ರಬಂಧ ಬಡವಾಗುತ್ತದೆಂಬ ಆತಂಕವೂ ಬೇಡ. ಮರಳುವುದು ಒಮ್ಮೆಗೇ ಮುಗಿಯುವ ಕೆಲಸವಲ್ಲ ಎಂಬ ನಿಮ್ಮ ವಾದಕ್ಕೆ ಮುದ್ರಿತ ಆಧಾರಗಳು ಬೇಕಾದಷ್ಟಿವೆ. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ಏಳನೆಯ ಅನುಬಂಧವು ನಿರಾಶ್ರಿತರಿಗೆ ಮರಳುವ ಹಕ್ಕನ್ನೂ ಕಳೆದುಕೊಂಡ ಆಸ್ತಿಯನ್ನು ಹಿಂಪಡೆಯುವ ಹಕ್ಕನ್ನೂ ಕೊಟ್ಟಿತು. ಮನೆಯ ಬೀಗದ ಕೈ ಕೈಗೆ ಬಂದರೂ, ಈಗ ಅಲ್ಪಸಂಖ್ಯಾತರಾಗಿಬಿಟ್ಟ ಊರಿನಲ್ಲಿ ಕೆಲಸವಾಗಲಿ ಮಕ್ಕಳಿಗೆ ಒಗ್ಗುವ ಶಾಲೆಯಾಗಲಿ ಸಿಗದೆ, ಎಷ್ಟೋ ಕುಟುಂಬಗಳು ಅದನ್ನು ಮಾರಿ ಬೇರೆಡೆ ನೆಲೆಸಿದವು. ಶ್ರೀಲಂಕಾದಲ್ಲಿ 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದರೂ ನೆಲೆ ತಪ್ಪಿದವರನ್ನಿಟ್ಟಿದ್ದ ಮೆನಿಕ್ ಫಾರ್ಮ್ ಶಿಬಿರ ಮುಚ್ಚಿದ್ದು 2012ರಲ್ಲಿ. ಅಲ್ಲಿಂದ ಹೊರಟವರಲ್ಲಿ ಕೆಲವರಿಗೆ ತಮ್ಮ ಜಮೀನು ಸೇನೆಯ ವಶದಲ್ಲಿದ್ದುದರಿಂದ ಊರು ಸೇರಲಾಗಲಿಲ್ಲ. ಅಜ್ಜಿಯ ಸೋದರನಿಗೆ ಆದದ್ದೂ ಇಂಥದ್ದೇ. ಅದನ್ನು ಸಾಬೀತುಪಡಿಸಲು ಅವರನ್ನೇ ಸಾಕ್ಷಿಗೆ ಕರೆಯಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಗೆಳತಿಯ ತಂದೆಯ ಪಕ್ಷದಲ್ಲಿಲ್ಲ. ಮೀನಿನ ಹೊಳೆಗಳ ನಾಡಿನಿಂದ ಬಂದು ತುಂಗಭದ್ರಾ ನಾಲೆಯ ಸೀಮೆಯಲ್ಲಿ ಬೇರೂರಿದ ತಮ್ಮ ಸ್ವಂತ ಬದುಕನ್ನು ಹೇಳುವುದೂ ಬಿಡುವುದೂ ಅಜ್ಜಿಯ ಇಷ್ಟ. ಮಗ ಅದಕ್ಕೆ ಬೀಗ ಹಾಕುವಂತಿಲ್ಲ. ಶೋಧಗಂಗಾದ ಸಂಗತಿಯನ್ನು ಬಿಡಿಸಿ ಹೇಳಿ, ಉಳಿದ ಭಾಗಕ್ಕೆ ಅವರ ಒಪ್ಪಿಗೆಯನ್ನು ಹೊಸದಾಗಿ ಕೇಳಿ.

ಗೆಳತಿಗೆ ಫೋನಿನಲ್ಲಿ ವಿವರಣೆ ಕೊಡುವ ಬದಲು ಅವಳ ಮನೆಗೇ ಹೋಗಿ, ತೆಗೆದುಹಾಕಿದ ನಂತರದ ಅಧ್ಯಾಯವನ್ನು ಅವಳ ತಂದೆಗೆ ಓದಿ ತೋರಿಸಿ. ಮಾರ್ಗದರ್ಶಕರಿಗೆ ನಿಮ್ಮ ನಿರ್ಧಾರವನ್ನು ಬರಹದಲ್ಲೇ ತಿಳಿಸಿ. ಅಜ್ಜಿಯ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದು, ಅದರ ಪ್ರತಿ ಮಾರ್ಗದರ್ಶಕರ ಕಂಪ್ಯೂಟರಿನಲ್ಲಿದ್ದರೆ, ಕ್ಯಾಂಪಿಗೆ ಹೋಗುವ ಮೊದಲೇ ಅದನ್ನು ಅಳಿಸಿಹಾಕಿಸಿ.