ವಹಾಕಾಗೆ ಒಬ್ಬಳೇ ಹೋಗಬಹುದಾ?

ಸತ್ತವರ ಹಬ್ಬಕ್ಕೆ ಮೆಕ್ಸಿಕೋದ ವಹಾಕಾಗೆ ಒಬ್ಬಳೇ ಹೋಗಬಹುದಾ, ಅಲ್ಲಿನವರ ಜೊತೆ ಬೆರೆಯಲು ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನೂ ಒಬ್ಬಳೇ ಹೋಗಿದ್ದೆ. ನವೆಂಬರ್ 1, 2 ಮುಖ್ಯ ದಿನಗಳು. ಆದರೆ ಮೂರ್ನಾಲ್ಕು ದಿನ ಮೊದಲೇ ತಲುಪಿ, ಮನೆಗಳಲ್ಲಿ ತಯಾರಿ ನೋಡಲು ಸಿಗುತ್ತದೆ.

ನಾನು ಉಳಿದಿದ್ದ ಮನೆಯ ಅಜ್ಜಿ, ತೀರಿಹೋದ ಗಂಡನ ಫೋಟೋ ಮುಂದೆ ಚೆಂಡುಹೂವು, ಬ್ರೆಡ್, ಅವರಿಗೆ ಇಷ್ಟವಾದ ಮೋಲೆ (ಮೆಣಸಿನಕಾಯಿ, ಮಸಾಲೆ ಅರೆದು ಮಾಡುವ ಅಲ್ಲಿನ ಗಟ್ಟಿ ಸಾರು) ಎಲ್ಲ ಇಟ್ಟರು. ನನ್ನ ಕೈಗೂ ಹೂವು ಕೊಟ್ಟರು. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆ ನೆನಪಾಗಿ ಕಣ್ಣು ತುಂಬಿ ಬಂತು. ಚೆಂಡುಹೂವಿನ ತವರು ಮೆಕ್ಸಿಕೋನೇ ಅಲ್ವಾ!

ಸ್ಮಶಾನದಲ್ಲಿ ಕೇಳದೆ ಫೋಟೋ ತೆಗೆಯಬೇಡಿ. ನಾಲ್ಕು ಮಾತು ಸ್ಪ್ಯಾನಿಷ್ ಕಲಿತು ಹೋಗಿ. ರಾತ್ರಿ ಜಾಸ್ತಿ ಹೊತ್ತಾದರೆ ನಡೆಯುವುದು ಬೇಡ, ಟ್ಯಾಕ್ಸಿ ಹಿಡಿಯಿರಿ. ದಾರಿಯಲ್ಲಿ ರಾಜಧಾನಿ ಮೆಕ್ಸಿಕೋ ಸಿಟಿಯಲ್ಲಿ ಇಳಿದರೆ, ಅಲ್ಲಿನ ಮೆಟ್ರೋದಲ್ಲಿ ಹೆಂಗಸರಿಗೆ ಬೇರೆ ಬೋಗಿಗಳಿವೆ.